ದಣಿದ ದಿನದ ಮನೆಯುಡುಪು: ಬೆಲ್ ಬಾರಿಸಿದಾಗ ವೇಲ್ ಹುಡುಕಬೇಕಾಗದಂತೆ

ನಮ್ಮ ಮನೆಗಳಲ್ಲಿ ದಣಿದು ಬಂದ ಹೆಂಗಸಿಗೆ ನೈಟಿ, ಗಂಡಸಿಗೆ ಲುಂಗಿ ಅಥವಾ ಬರ್ಮುಡಾ ಮತ್ತು ಬನಿಯನ್ ಎನ್ನುವುದು ರೂಢಿ. ಎರಡರಲ್ಲೂ ಸುಖವಿದೆ. ಆದರೆ ಕಾಲಿಂಗ್ ಬೆಲ್ ಕೇಳಿದೊಡನೆ ನೈಟಿಯ ಮೇಲೆ ಹೊದೆಯಲು ವೇಲನ್ನೋ ಟವೆಲನ್ನೋ ತಡಕಾಡುವ, ಬನಿಯನ್ನಿನ ಮೇಲೆ ಅವಸರದಲ್ಲಿ ಅಂಗಿ ಎಳೆದುಕೊಳ್ಳುವ ಪಾಡೂ ಅವುಗಳ ಜೊತೆಗೇ ಬರುತ್ತದೆ. ಆದ್ದರಿಂದ ಮನೆಯುಡುಪನ್ನು ಆರಿಸುವಾಗ ಒಂದೇ ಪರೀಕ್ಷೆ ಸಾಕು: ಅದನ್ನುಟ್ಟು ನಿಶ್ಚಿಂತೆಯಿಂದ ಮಲಗಲು ಸಾಧ್ಯವಾಗಬೇಕು, ಮತ್ತು ಅದರಲ್ಲೇ ಎದ್ದು ಬಾಗಿಲು ತೆರೆಯಲು, ಬೀದಿ ಕೊನೆಯ ಅಂಗಡಿಗೆ ಹೋಗಿ ಹಾಲು ತರಲು ಸಂಕೋಚವಾಗಬಾರದು. ಇದರಲ್ಲಿ ಗೆಲ್ಲಲು ದುಬಾರಿ ಬ್ರ್ಯಾಂಡ್ ಬೇಕಾಗಿಲ್ಲ. ಸರಿಯಾದ ಬಟ್ಟೆ ಮತ್ತು ಎರಡು ಮೂರು ಕಡೆ ಸರಿಯಾದ ಅಳತೆ ಬೇಕು.

ಬಟ್ಟೆಯ ವಿಷಯದಲ್ಲಿ ಹತ್ತಿಗೆ ಸಾಟಿಯಿಲ್ಲ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇಕಡಾ 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಹಿಡಿಯುವುದಿಲ್ಲ, ಹಾಗಾಗಿಯೇ ಬೆವರು ಬೆನ್ನಿಗೆ ಅಂಟುತ್ತದೆ. ಅಂಗಡಿಯ ಚೀಟಿಯ ಮೇಲಿರುವ ‘ಕಾಟನ್ ಫೀಲ್’ ಎಂಬ ಮಾತು ಹತ್ತಿಯೆಂದು ಹೇಳುವುದಿಲ್ಲ ಎಂಬುದನ್ನು ನೆನಪಿಡಬೇಕು. ಒಳಗಡೆ ಹೊಲಿದಿರುವ ಪಟ್ಟಿಯನ್ನು ಓದಬೇಕು. ಬಿಡಿ ಬಟ್ಟೆ ಕೊಳ್ಳುವವರು ಅಂಚಿನ ಒಂದೆರಡು ಎಳೆಗಳನ್ನು ಸುಟ್ಟು ನೋಡಬಹುದು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಕೂಡ ಹತ್ತಿಯಂತೆಯೇ ಉರಿಯುವುದರಿಂದ ಅದನ್ನು ಈ ಬಗೆಯಲ್ಲಿ ಹಿಡಿಯಲಾಗದು. ಅದು ಮೃದುವಾಗಿ ಇಳಿಬೀಳುತ್ತದೆ, ನೋಡಲು ಚೆಂದವೂ ಹೌದು, ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ ಮತ್ತು ಒಗೆತಕ್ಕೆ ಕುಗ್ಗುತ್ತದೆ. ಅದನ್ನು ಕೊಳ್ಳುವುದಾದರೆ ಉದ್ದದಲ್ಲಿ ಎರಡು ಅಂಗುಲ ಹೆಚ್ಚಿಗೆ ಇರುವಂತೆ ನೋಡಿಕೊಳ್ಳುವುದು ಒಳಿತು.

ಊರಿಗೆ ತಕ್ಕಂತೆ ಬಟ್ಟೆಯ ದಪ್ಪವೂ ಬದಲಾಗಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಗೆ ಮಲ್‌ಮಲ್ ಅಥವಾ ತೆಳು ವಾಯ್ಲ್ ಬಿಟ್ಟರೆ ಬೇರೆ ಮಾತಿಲ್ಲ. ಬೆಂಗಳೂರಿನ ಡಿಸೆಂಬರ್ ಸಂಜೆಗೆ 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ) ತೂಕದ ಹೆಣೆದ ಹತ್ತಿ, ಅಂದರೆ ಟೀ ಶರ್ಟಿನ ಬಟ್ಟೆ, ಹಿತವಾಗಿರುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಮಾತ್ರ ದಪ್ಪ ಬಟ್ಟೆಯ ಆಸೆಯನ್ನು ಬಿಡಬೇಕು. ಚಳಿಯೆಂದು ದಪ್ಪನೆಯ ಟ್ರ್ಯಾಕ್ ಪ್ಯಾಂಟ್ ಕೊಂಡವರು ಅದು ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿದಾಗ ಪರಿತಪಿಸುತ್ತಾರೆ. ಅಲ್ಲಿ ತೆಳುವಾದ ಎರಡು ಪದರಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುವುದೇ ಸರಿಯಾದ ದಾರಿ.

ಸಡಿಲವಾಗಿದ್ದಷ್ಟೂ ಆರಾಮ ಎಂಬ ನಂಬಿಕೆಯೇ ಮನೆಯುಡುಪನ್ನು ಕೆಡಿಸುತ್ತಿರುವುದು. ಮೈಗೆ ಎಲ್ಲಿಯೂ ತಾಗದ ಉಡುಪು ಜಾರುತ್ತದೆ, ಕಾಲಿಗೆ ತೊಡರುತ್ತದೆ, ಕನ್ನಡಿಯ ಮುಂದೆ ನಿಂತರೆ ನಮ್ಮ ದಣಿವನ್ನು ಇಮ್ಮಡಿಯಾಗಿ ತೋರಿಸುತ್ತದೆ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆಯೇ ಕೂತರೆ, ಅದರ ಕೆಳಗೆ ಎಷ್ಟು ಸಡಿಲ ಬಿಟ್ಟರೂ ಉಡುಪಿಗೆ ಒಂದು ಆಕಾರ ಉಳಿಯುತ್ತದೆ. ನೇಯ್ದ ಬಟ್ಟೆಯಾದರೆ ಸೊಂಟದ ಕೆಳಗಿನ ಅತಿ ಅಗಲದ ಭಾಗದ ಸುತ್ತಳತೆಗೆ 5 ಅಂಗುಲ ಕೂಡಿಸಿ ಹೊಲಿಸಬೇಕು. ಹಿಗ್ಗುವ ಹೆಣೆದ ಬಟ್ಟೆಗೆ 2 ಅಂಗುಲ ಸಾಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸವಿರುವವರು ಕುರ್ತಾದ ಎರಡೂ ಪಕ್ಕ ಸೀಳು ಬಿಡಿಸಿಕೊಳ್ಳಬೇಕು. ಪೈಜಾಮದ ಸೊಂಟಕ್ಕೆ ಕಾಲು ಅಂಗುಲದ ಎಲಾಸ್ಟಿಕ್ ಹಾಕಿದರೆ ಸಂಜೆಯ ಹೊತ್ತಿಗೆ ಚರ್ಮದ ಮೇಲೆ ಕೆಂಪು ಗೆರೆ ಮೂಡಿರುತ್ತದೆ. ಒಂದು ಅಥವಾ ಒಂದೂವರೆ ಅಂಗುಲ ಅಗಲದ ಎಲಾಸ್ಟಿಕ್ಕನ್ನು ಸೊಂಟದ ಅಳತೆಗಿಂತ ಎರಡು ಅಂಗುಲವಷ್ಟೇ ಕಡಿಮೆ ಕತ್ತರಿಸಿ, ಜೊತೆಗೆ ಬಟ್ಟೆಯದೇ ಲಾಡಿಯನ್ನೂ ಸೇರಿಸಿದರೆ ಊಟವಾದ ಮೇಲೆ ಸಡಿಲಿಸಿಕೊಳ್ಳಬಹುದು. ಮುಟ್ಟಿನ ದಿನಗಳಲ್ಲಿ ಲಾಡಿಯ ಉಪಯೋಗ ಏನೆಂಬುದನ್ನು ಹೆಂಗಸರಿಗೆ ವಿವರಿಸಬೇಕಾಗಿಲ್ಲ.

ನೈಟಿಯನ್ನು ಬಿಡಲಾರದವರು ಬಿಡಬೇಕಾಗಿಯೂ ಇಲ್ಲ. ವೇಲಿನ ಅಗತ್ಯ ಹುಟ್ಟುವುದು ಎರಡೇ ಕಾರಣಕ್ಕೆ: ಕತ್ತು ತೀರ ಆಳ, ಎದೆಯ ಮೇಲಿನ ಬಟ್ಟೆ ತೀರ ತೆಳು. ದರ್ಜಿಗೆ ಮುಂಗತ್ತಿನ ಆಳ 5 ಅಂಗುಲ ಮೀರದಿರಲಿ ಎಂದು ಹೇಳಿ, ಭುಜದಿಂದ ಎದೆಯ ಕೆಳಗಿನವರೆಗೆ ಮಾತ್ರ ಅದೇ ಬಟ್ಟೆಯ ಎರಡನೆಯ ಪದರವನ್ನು ಒಳಗೆ ಕೊಡಿಸಿ, ಆ ಪದರ ಮುಗಿಯುವ ಸಾಲಿನಲ್ಲಿ ಹೊರಗೆ ಸಣ್ಣ ನೆರಿಗೆಗಳನ್ನು ಹಿಡಿಸಿದರೆ, ನೈಟಿಯು ಅಚ್ಚುಕಟ್ಟಾದ ಗೌನ್ ಆಗುತ್ತದೆ. ಪದರ ಮೇಲ್ಭಾಗಕ್ಕಷ್ಟೇ ಇರುವುದರಿಂದ ಸೆಕೆಯೂ ಹೆಚ್ಚುವುದಿಲ್ಲ. ಅಂಚನ್ನು ಪಾದದವರೆಗೆ ಬಿಡುವ ಬದಲು ಕಣಕಾಲಿಗಿಂತ ಮೂರು ನಾಲ್ಕು ಅಂಗುಲ ಮೇಲಕ್ಕೆ ಮಡಿಸಿದರೆ ಮೆಟ್ಟಿಲಲ್ಲಿ ತುಳಿದು ಮುಗ್ಗರಿಸುವ, ಬಚ್ಚಲಿನಲ್ಲಿ ಒದ್ದೆ ಮಾಡಿಕೊಳ್ಳುವ ತಾಪತ್ರಯವೂ ತಪ್ಪುತ್ತದೆ. ತೋಳು ಮುಕ್ಕಾಲು ಇರಲಿ, ಆದರೆ ಗಂಟೆಯಂತೆ ಅಗಲವಾಗಿ ಜೋತು ಬೀಳುವುದು ಬೇಡ. ಗ್ಯಾಸ್ ಒಲೆಯ ಮುಂದೆ ಅಂಥ ತೋಳು ಅಪಾಯಕಾರಿ. ಬಟ್ಟೆ ಪಾಲಿಯೆಸ್ಟರ್ ಆಗಿದ್ದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಸುಟ್ಟಗಾಯ ಇನ್ನಷ್ಟು ಆಳವಾಗುತ್ತದೆ. ಜೇಬು ಇಡಿಸುವಾಗ ಅದನ್ನು ಮೇಲಿನಿಂದ ಹಚ್ಚಿಸದೆ ಪಕ್ಕದ ಹೊಲಿಗೆಯೊಳಗೆ ಇಡಿಸಿ, ಮೇಲಂಚನ್ನು ನೆರಿಗೆಯ ಸಾಲಿಗೆ ಸೇರಿಸಿ ಹೊಲಿಸಬೇಕು. ಇಲ್ಲವಾದರೆ ಮೊಬೈಲಿನ ಭಾರಕ್ಕೆ ಒಂದು ಪಕ್ಕವೇ ಇಳಿದು ಇಡೀ ಉಡುಪು ವಾಲುತ್ತದೆ.

ಗಂಡಸರ ಲುಂಗಿಗೆ ಇಷ್ಟೆಲ್ಲ ಮಾತು ಬೇಡ. ಬನಿಯನ್ನಿನ ಬದಲು ಕಾಲರಿಲ್ಲದ, ಅರ್ಧ ತೋಳಿನ, ಒಂದೇ ಬಣ್ಣದ ಹತ್ತಿಯ ಜುಬ್ಬಾ ಹಾಕಿಕೊಂಡರೆ ಚೌಕಳಿ ಲುಂಗಿಗೂ ಒಂದು ಘನತೆ ಬರುತ್ತದೆ. ತೂತು ಬಿದ್ದ ಬನಿಯನ್ನನ್ನು ಆರಾಮದ ಹೆಸರಿನಲ್ಲಿ ಸಮರ್ಥಿಸುವವರ ಜೊತೆ ವಾದಿಸುವುದು ವ್ಯರ್ಥ.

ಅಂದವೆಂಬುದು ಇಲ್ಲಿ ಬಹುಪಾಲು ಬಣ್ಣದ ಪ್ರಶ್ನೆ. ಮೇಲೂ ಕೆಳಗೂ ಬೇರೆ ಬೇರೆ ಹೂವುಗಳಿದ್ದರೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡಂತೆ ಕಾಣುತ್ತದೆ. ಒಂದರಲ್ಲಿ ಚಿತ್ತಾರವಿದ್ದರೆ ಇನ್ನೊಂದು ಅದೇ ಚಿತ್ತಾರದೊಳಗಿನ ಯಾವುದಾದರೊಂದು ಬಣ್ಣದ್ದಾಗಿರಲಿ. ಅಡುಗೆಮನೆಯಲ್ಲಿ ಅರಿಶಿನದ ಕಲೆ ತಪ್ಪಿದ್ದಲ್ಲವಾದ್ದರಿಂದ ತಿಳಿ ನೀಲಿ, ಬಿಳಿಗಿಂತ ಕಡುನೀಲಿ, ಮರೂನ್, ಕಂದು ಬಣ್ಣಗಳು ಹೆಚ್ಚು ಕಾಲ ಮರ್ಯಾದೆ ಉಳಿಸುತ್ತವೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ತಯಾರಿಸುವ ಕೈಮಗ್ಗದ ಬಟ್ಟೆಗಳಲ್ಲಿ ಅಡಿಕೆಯ ಚೊಗರಿನಿಂದ, ಅಂದರೆ ಅಡಿಕೆ ಬೇಯಿಸಿದ ರಸದಿಂದ, ಬರುವ ಕೆಂಗಂದು ಬಣ್ಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಗುಳೇದಗುಡ್ಡದ ರವಿಕೆ ಬಟ್ಟೆಯಾದ ಖಣವನ್ನು ಇಡೀ ಉಡುಪಿಗೆ ಬಳಸಿದರೆ ಬಿರುಸಾಗುತ್ತದೆ. ಕತ್ತಿನ ಪಟ್ಟಿಗೋ ತೋಳಿನ ಅಂಚಿಗೋ ಎರಡು ಅಂಗುಲ ಹಚ್ಚಿಸಿದರೆ ಸಾಕು, ಬಾಗಿಲಲ್ಲಿ ನಿಂತವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಎಲ್ಲಕ್ಕಿಂತ ಮೃದುವಾದ ಬಟ್ಟೆ ಬೀರುವಿನಲ್ಲೇ ಇರುತ್ತದೆ: ಉಟ್ಟು ಒಗೆದು ಹಣ್ಣಾದ ಹತ್ತಿ ಸೀರೆ. ಐದೂವರೆ ಮೀಟರ್ ಸೀರೆಯಲ್ಲಿ ಒಂದು ಉದ್ದ ಕುರ್ತಾ, ಒಂದು ಪೈಜಾಮ ಆರಾಮವಾಗಿ ಬರುತ್ತವೆ. ಕತ್ತರಿ ಹಾಕುವ ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಬೇಕು. ನೆರಿಗೆ ಹಿಡಿದ ಜಾಗ, ಫಾಲ್ ಹಚ್ಚಿದ ಅಂಚು ಮತ್ತು ಪಿನ್ ಚುಚ್ಚಿದ ಭುಜದ ಭಾಗಗಳಲ್ಲಿ ಎಳೆಗಳು ಜಾಳಾಗಿರುತ್ತವೆ; ಅವುಗಳನ್ನು ಬಿಟ್ಟು, ಉಟ್ಟಾಗ ಒಳಗೆ ಅಡಗಿರುವ ಮೊದಲ ಸುತ್ತಿನ ಬಟ್ಟೆಯನ್ನು ಭುಜ ಮತ್ತು ಬೆನ್ನಿಗೆ ಬಳಸಬೇಕು. ಇಳಕಲ್‌ನಂಥ ಅಂಚಿನ ಸೀರೆಯಾದರೆ ಅಂಚನ್ನು ಪೈಜಾಮದ ಕಾಲಿನ ಕೆಳಗೆ ತಂದರೆ ಮಡಿಸಿ ಹೊಲಿಯುವ ಕೆಲಸವೂ ಉಳಿಯುತ್ತದೆ.

ಹೊಸ ಬಟ್ಟೆಯಾದರೆ ದರ್ಜಿಗೆ ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಬೇಕು. ಕುಗ್ಗುವುದು ಆಗಲೇ ಕುಗ್ಗಿಬಿಡಲಿ. ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡಿನಿಂದ ಅದರ ಒಂದು ಮೂಲೆಯನ್ನು ಉಜ್ಜಿ ನೋಡಿ, ಬಣ್ಣ ಹತ್ತಿದರೆ ಮೊದಲ ಕೆಲವು ಒಗೆತಗಳಲ್ಲಿ ಬೇರೆಯಾಗಿಯೇ ಒಗೆಯಬೇಕು. ಮನೆಯುಡುಪಿಗೆ ಗಂಜಿ ಬೇಡ, ದಿನಾ ಇಸ್ತ್ರಿಯೂ ಬೇಡ. ಒಗೆದ ಕೂಡಲೇ ಎರಡು ಬಾರಿ ಬಲವಾಗಿ ಕೊಡವಿ, ಭುಜಗಳನ್ನು ಹ್ಯಾಂಗರಿಗೆ ಹಾಕಿ ಒಣಗಿಸಿದರೆ ಸುಕ್ಕು ಸಾಕಷ್ಟು ಬಿಡುತ್ತದೆ. ಮೂರು ಜೊತೆಗಳಿದ್ದರೆ ವಾರ ಸಾಗುತ್ತದೆ, ಮಲೆನಾಡು, ಕರಾವಳಿಯವರಿಗೆ ನಾಲ್ಕು. ಅವುಗಳಲ್ಲೊಂದು ಸದಾ ಬಚ್ಚಲಮನೆಯ ಬಾಗಿಲ ಹಿಂದಿನ ಕೊಕ್ಕೆಯಲ್ಲಿ, ಮೇಲಿನದು ಕೆಳಗಿನದು ಜೊತೆಯಾಗಿಯೇ ನೇತಾಡುತ್ತಿರಲಿ. ಸುಸ್ತಾಗಿ ಬಂದವರು ಬೀರು ತೆರೆದು ಜೋಡಿ ಹುಡುಕುವುದಿಲ್ಲ, ಕುರ್ಚಿಯ ಮೇಲಿನ ನಿನ್ನೆಯ ಬಟ್ಟೆಯನ್ನೇ ತೊಡುತ್ತಾರೆ.