ಮೇಷ್ಟ್ರ ಮೇಲೆ ನಾನು ಬರೆದ ಮೂರು ಸಾಲು

1975ರಲ್ಲಿ ನನಗೆ 24 ವರ್ಷ. ಬೆಂಗಳೂರಿನ ಒಂದು ಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದೆ. ಅಕ್ಷರ ದುಂಡಗಿತ್ತು ಅಂತ ಮೊದಲು ಠಾಣೆಯ ಕಾಗದಪತ್ರ ಬರೆಯುವ ರೈಟರ್ ಪಕ್ಕ ಕೂರಿಸಿದರು, ಆಮೇಲೆ ಮಫ್ತಿಯಲ್ಲಿ ಮಾಹಿತಿ ತರುವ ಕೆಲಸಕ್ಕೆ ಹಾಕಿದರು. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದವರು ತಮ್ಮ ಅನುಭವ ತುಂಬಾ ಬರೆದಿದ್ದಾರೆ. ಅವರನ್ನು ಜೈಲಿಗೆ ಕಳಿಸಿದ ನಮ್ಮಂಥವರು ಬರೆದಿದ್ದು ಬಹಳ ಕಡಿಮೆ. ಆ ಕೆಲಸ ಹೇಗೆ ನಡೀತಿತ್ತು ಅಂತ ಈಗಿನವರಿಗೆ ತಿಳಿದಿರಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಜೂನ್ 25ರ ರಾತ್ರಿ ಘೋಷಣೆ ಆಯಿತು. ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸತ್ತಿನ ಸಮಿತಿ ಸಭೆಗೆ ಅಂತ ಬೆಂಗಳೂರಿಗೇ ಬಂದಿದ್ದರು. 26ರ ಬೆಳಿಗ್ಗೆ ಇಲ್ಲೇ ಬಂಧನವಾಯಿತು. ದೊಡ್ಡವರ ವಿಷಯ ರೇಡಿಯೋ, ಪೇಪರಿನ ಮಂದಿಗೆ ಹೇಗೋ ಗೊತ್ತಾಗುತ್ತಿತ್ತು. ನಮ್ಮ ಕೈಗೆ ಬಂದಿದ್ದು ಹೆಸರೇ ಕೇಳಿರದ ಜನರ ಪಟ್ಟಿ. ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವವರು, ಬ್ಯಾಂಕ್ ಗುಮಾಸ್ತರು, ಕಾಲೇಜು ಹುಡುಗರು, ಕಾರ್ಖಾನೆ ಯೂನಿಯನ್‌ನವರು.

ಆ ಪಟ್ಟಿ ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೂ ಮೊದಲಿಂದ ನಾವು ಬರೆದಿಟ್ಟುಕೊಂಡೇ ಬಂದಿದ್ದೆವು. ಬೆಳಿಗ್ಗೆ ಮೈದಾನದ ಆರೆಸ್ಸೆಸ್ ಶಾಖೆಗೆ ಯಾರ್ಯಾರು ಹೋಗುತ್ತಾರೆ, ಫ್ಯಾಕ್ಟರಿ ಗೇಟ್ ಮೀಟಿಂಗಿನಲ್ಲಿ ಯಾರು ಜಾಸ್ತಿ ಮಾತಾಡಿದರು, ಸೋಷಲಿಸ್ಟರ ಸಭೆಗೆ ಯಾರು ಬೆಂಚು ಹೊತ್ತು ತಂದರು, ಯಾರ ಮನೆಗೆ ಯಾವ ಪತ್ರಿಕೆ ಬೀಳುತ್ತೆ, ಇದನ್ನೆಲ್ಲ ಟೀ ಅಂಗಡಿಯವನು, ಪೇಪರ್ ಹುಡುಗ, ಇಸ್ತ್ರಿಯವನು ಮಾತಿಗೆ ಮಾತು ಬಂದಾಗ ಹೇಳಿಬಿಡುತ್ತಿದ್ದರು. ಅವರಿಗೆ ಅದು ಸುಮ್ನೆ ಹರಟೆ. ನಾನು ಠಾಣೆಗೆ ಬಂದು ಬರೆಯುತ್ತಿದ್ದೆ. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಏಕೆಂದರೆ ಆ ಕಾಗದದಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ತುರ್ತು ಪರಿಸ್ಥಿತಿ ಬಂದ ಮೇಲೆ ಅದೇ ಕಾಗದಕ್ಕೆ ಹಲ್ಲು ಬಂತು.

ಹಿಡಿಯುವುದಕ್ಕೆ ಎರಡು ದಾರಿ ಇತ್ತು. ಡಿಐಆರ್, ಅಂದರೆ ಭಾರತ ರಕ್ಷಣಾ ನಿಯಮಗಳಲ್ಲಿ ಹಿಡಿದರೆ ಕೇಸು ಹಾಕಬೇಕು, ಕೋರ್ಟಿಗೆ ಹಾಜರು ಮಾಡಬೇಕು. ಮೀಸಾ, ಅಂದರೆ ಆಂತರಿಕ ಭದ್ರತಾ ಕಾಯ್ದೆಯಲ್ಲಿ ಕೇಸೂ ಇಲ್ಲ, ವಿಚಾರಣೆಯೂ ಇಲ್ಲ. ಒಂದು ಆದೇಶಕ್ಕೆ ಸಹಿ ಬಿದ್ದರೆ ಮುಗಿಯಿತು. ಜೂನ್ 29ರ ಸುಗ್ರೀವಾಜ್ಞೆ ಬಂದ ಮೇಲಂತೂ ಯಾಕೆ ಹಿಡಿದಿದ್ದೇವೆ ಅಂತ ಹಿಡಿದವನಿಗೆ ಹೇಳುವ ಅಗತ್ಯವೂ ಇರಲಿಲ್ಲ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ವಿಚಾರಣೆ ಮಾಡಿದ ಶಾ ಆಯೋಗದ ಲೆಕ್ಕದ ಪ್ರಕಾರ ದೇಶದಲ್ಲಿ ಮೀಸಾ ಕೆಳಗೆ 34,988 ಜನ, ಡಿಐಆರ್ ಕೆಳಗೆ 75,818 ಜನ ಒಳಗೆ ಹೋದರು. ಅಷ್ಟೂ ಜನರ ಹಿಂದೆ ಎಲ್ಲೋ ಒಂದು ಠಾಣೆಯಲ್ಲಿ ನನ್ನಂಥ ಒಬ್ಬ ಕೂತು ಬರೆದಿರುತ್ತಾನೆ, ಅಲ್ವಾ?

ನಾನು ಬರೆಯುತ್ತಿದ್ದ ರಿಪೋರ್ಟು ಹೀಗಿರುತ್ತಿತ್ತು. ಮೊದಲ ಸಾಲಿನಲ್ಲಿ ಇವನು ಇಂಥ ಸಂಘಟನೆಯ ಸಕ್ರಿಯ ಸದಸ್ಯ ಅಂತ. ಎರಡನೇ ಸಾಲಿನಲ್ಲಿ ಇಂಥ ದಿನ ಇಂಥ ಕಡೆ ಗುಪ್ತ ಸಭೆ ನಡೆಸಿ ಸರ್ಕಾರದ ವಿರುದ್ಧ ಪ್ರಚೋದಿಸಿದ ಅಂತ. ಮೂರನೇ ಸಾಲು ಎಲ್ಲರಿಗೂ ಒಂದೇ: 'ಇವರು ಹೊರಗಿದ್ದರೆ ಸಾರ್ವಜನಿಕ ಶಾಂತಿಗೆ ಭಂಗ ಬರುವ ಸಾಧ್ಯತೆ ಇರುತ್ತದೆ.' ಆ ಮೂರನೇ ಸಾಲನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಕಣ್ಣು ಮುಚ್ಚಿ ಬರೆಯುವಷ್ಟು ಕೈಗೆ ರೂಢಿಯಾಗಿತ್ತು. ಕಷ್ಟ ಇದ್ದಿದ್ದು ಎರಡನೇ ಸಾಲಿನಲ್ಲಿ, ಅಲ್ಲಿ ದಿನಾಂಕ ಬೇಕು, ಜಾಗ ಬೇಕು. ನವೆಂಬರ್ 14ರಿಂದ ತುರ್ತು ಪರಿಸ್ಥಿತಿ ವಿರುದ್ಧ ವಿರೋಧ ಪಕ್ಷಗಳು ಸೇರಿ ಕಟ್ಟಿದ್ದ ಲೋಕ ಸಂಘರ್ಷ ಸಮಿತಿಯವರ ಸತ್ಯಾಗ್ರಹ ಶುರುವಾಗಿತ್ತು. ಹುಡುಗರು ಮಾರ್ಕೆಟ್ಟಿನಲ್ಲಿ ಘೋಷಣೆ ಕೂಗಿ ಕರಪತ್ರ ಎರಚಿ ತಾವೇ ಜೀಪು ಹತ್ತುತ್ತಿದ್ದರು. ಇವರನ್ನು ಕಳಿಸುತ್ತಿರುವವರು ಯಾರು, ಹೆಸರು ತಗೊಂಡು ಬನ್ನಿ ಅಂತ ಮೇಲಿಂದ ದಿನಾ ಒತ್ತಾಯ. ಹೆಸರು ಸಿಗುತ್ತಿತ್ತು, ಸಾಕ್ಷಿ ಸಿಗುತ್ತಿರಲಿಲ್ಲ.

ನಮ್ಮ ಸರಹದ್ದಿನಲ್ಲಿ ಒಬ್ಬ ಹೈಸ್ಕೂಲ್ ಮೇಷ್ಟ್ರಿದ್ದರು. ಅವರ ಮನೆಗೆ ರಾತ್ರಿ ಹುಡುಗರು ಬಂದು ಹೋಗುತ್ತಾರೆ ಅಂತ ಎದುರು ಮನೆಯವರು ಹೇಳಿದರು. ಬರುತ್ತಿದ್ದಿದ್ದು ನಿಜ, ನಾನೂ ನೋಡಿದ್ದೆ. ಪಾಠಕ್ಕೋ, ಕರಪತ್ರಕ್ಕೋ ವಿಚಾರಿಸಲಿಲ್ಲ. ದಫೇದಾರರು, ಅಂದರೆ ನಮ್ಮ ಹೆಡ್ ಕಾನ್‌ಸ್ಟೇಬಲ್, 'ಒಂದು ತಾರೀಕು ಹಾಕಯ್ಯ, ಬೆಳಗಾದರೆ ಕಳಿಸಬೇಕು' ಅಂದರು. ಡಿಸೆಂಬರಿನ ಒಂದು ಭಾನುವಾರದ ತಾರೀಕು ಹಾಕಿದೆ. ಭಾನುವಾರ ಮೇಷ್ಟ್ರಿಗೆ ರಜ ಇರುತ್ತೆ, ಸಭೆ ಮಾಡಿದರು ಅಂದರೆ ನಂಬುತ್ತಾರೆ ಅನ್ನುವುದಷ್ಟೇ ನನ್ನ ತಲೆಯಲ್ಲಿ ಇದ್ದಿದ್ದು.

ಆದೇಶ ಬಂದ ರಾತ್ರಿ ಎರಡೂವರೆಗೆ ಹೋದೆವು. ಬೀದಿ ಮಲಗಿರಬೇಕು, ಗಲಾಟೆ ಆಗಬಾರದು ಅಂತ ಆ ಹೊತ್ತು. ಪೊಲೀಸ್ ಅಂದರೆ ಹಿತ್ತಲ ಬಾಗಿಲಿಂದ ಹೋಗಿಬಿಡುತ್ತಾರೆ ಅಂತ 'ಟೆಲಿಗ್ರಾಂ, ಟೆಲಿಗ್ರಾಂ' ಅಂತ ಕೂಗುವುದು ನಮ್ಮ ಅಭ್ಯಾಸ. ಒಳಗೆ ದೀಪ ಹತ್ತಿತು. ಬಾಗಿಲು ತೆಗೆದಿದ್ದು ಮೇಷ್ಟ್ರ ತಾಯಿ. ಆ ಕಾಲದಲ್ಲಿ ಅಪರಾತ್ರಿ ಟೆಲಿಗ್ರಾಂ ಅಂದರೆ ಸಾವಿನ ಸುದ್ದಿ ಅಂತಲೇ ಅರ್ಥ. ಆಯಮ್ಮ ಚಿಲಕ ತೆಗೆಯುವ ಮೊದಲೇ ಅಳುತ್ತಿದ್ದರು. 'ಯಾರಪ್ಪಾ? ನನ್ನ ಮಗಳಾ?' ಅಂತ ಕೇಳಿದರು. ಮಗಳು ಆಗಷ್ಟೇ ಬಾಣಂತಿ ಅಂತ ನನಗೆ ಆಮೇಲೆ ತಿಳಿಯಿತು. ಪೊಲೀಸರು ಅಂತ ಗೊತ್ತಾದಾಗ ಆ ಮುಖದಲ್ಲಿ ಒಂದು ಗಳಿಗೆ ನೆಮ್ಮದಿ ಬಂತು. ಅದನ್ನು ನೋಡಿದವನು ನಾನು, ಇವತ್ತಿಗೂ ಮರೆಯೋಕೆ ಆಗಿಲ್ಲ.

ಮೇಷ್ಟ್ರು ಜಗಳ ಆಡಲಿಲ್ಲ. ಅಂಗಿ ಹಾಕಿಕೊಂಡು, ಕನ್ನಡಕದ ಡಬ್ಬಿ ಜೇಬಿಗಿಟ್ಟುಕೊಂಡು, 'ಕಾರಣ ಏನು ಅಂತ ಹೇಳ್ತೀರಾ?' ಅಂತ ಕೇಳಿದರು. ಸಬ್ ಇನ್ಸ್‌ಪೆಕ್ಟರ್ ಸಾಹೇಬರು, 'ಅದು ನಮಗೂ ಗೊತ್ತಿಲ್ಲ ಮೇಷ್ಟ್ರೇ' ಅಂದರು. ಕಾರಣ ಬರೆದವನು ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದೆ.

ಮೊದಮೊದಲು ಠಾಣೆಯಲ್ಲಿ ಸ್ವಲ್ಪ ಭಯ ಇತ್ತು. ಹೈಕೋರ್ಟು ಫೈಲು ಕೇಳಿದರೆ ಏನು ಗತಿ ಅಂತ. 9 ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳಬಹುದು ಅಂದಿದ್ದವು, ನಮ್ಮದೂ ಅದರಲ್ಲಿ ಒಂದು. 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅಲ್ಲಿಂದ ಮುಂದೆ ನಮ್ಮ ಕಾಗದವನ್ನು ಯಾರೂ ತೆರೆದು ನೋಡುವುದಿಲ್ಲ ಅಂತ ಖಾತ್ರಿಯಾಯಿತು. ಬರವಣಿಗೆ ಇನ್ನೂ ಸಡಿಲವಾಯಿತು. ಕೇಳುವವರು ಇಲ್ಲ ಅಂತಾದರೆ ಪೊಲೀಸನ ಕೈ ಎಷ್ಟು ಬೇಗ ಹಗುರಾಗುತ್ತೆ ಅಂತ ನನ್ನ ಕೈಯಲ್ಲೇ ಕಂಡಿದ್ದೇನೆ.

ಅದರ ಬೆನ್ನಿಗೇ ಮೇ ತಿಂಗಳು. ಭೂಗತರಾಗಿದ್ದ ಸೋಷಲಿಸ್ಟ್ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಹೇಳು ಅಂತ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಕೊಟ್ಟ ಹಿಂಸೆ ಎಲ್ಲರಿಗೂ ತಿಳಿದಿದ್ದೇ. ಕಲಾವಿದೆ ಸ್ನೇಹಲತಾ ರೆಡ್ಡಿ ಅವರನ್ನೂ ಅದೇ ತಿಂಗಳು ಒಳಗೆ ಹಾಕಿದರು. ಅವರಿಗೆ ಆಸ್ತಮಾ ಇತ್ತು. ಜೈಲಿನಲ್ಲಿ ಅದು ವಿಪರೀತಕ್ಕೆ ಹೋಯಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು. ನಾನು ಆ ಎರಡರಲ್ಲೂ ಇರಲಿಲ್ಲ. ಆದರೆ ನಾನು ಇರಲಿಲ್ಲ ಅಂತ ಹೇಳಿಕೊಂಡು ಪಾರಾಗೋಕೆ ನನಗೆ ಮನಸ್ಸಿಲ್ಲ, ನಾವೆಲ್ಲ ಒಂದೇ ಯಂತ್ರದ ಹಲ್ಲುಗಳು.

ಮಾರ್ಚ್ 1977ರಲ್ಲಿ ತುರ್ತು ಪರಿಸ್ಥಿತಿ ಹೋಯಿತು. ಮೇಷ್ಟ್ರು ಹೊರಗೆ ಬಂದರು. ಮಳೆಗಾಲದಲ್ಲಿ ಒಂದು ದಿನ ಬಸ್‌ಸ್ಟಾಪಿನಲ್ಲಿ ಎದುರಾದರು. ತುಂಬಾ ಸೊರಗಿದ್ದರು. ಗುರುತು ಹಿಡಿದು, 'ಚೆನ್ನಾಗಿದ್ದೀರೇನ್ರೀ? ಈಗಲಾದರೂ ಹೇಳಿ, ನನ್ನ ಮೇಲೆ ಏನು ಬರೆದಿತ್ತು?' ಅಂದರು. ಕೋಪ ಇರಲಿಲ್ಲ. ತಿಳ್ಕೋಬೇಕು ಅನ್ನೋ ಆಸೆ ಅಷ್ಟೇ. ನಾನು ಗೊತ್ತಿಲ್ಲ ಸಾರ್ ಅಂದು ಬಂದ ಬಸ್ಸು ಹತ್ತಿಬಿಟ್ಟೆ. ಅದು ನಾನು ಹೋಗಬೇಕಾದ ಬಸ್ಸೂ ಆಗಿರಲಿಲ್ಲ.

ವಾರ ಕಳೆದು ಅವರ ಮನೆಗೆ ಹೋದೆ. ನಾನೇ ಬರೆದಿದ್ದು ಅಂತ ಹೇಳಿ, ಮೂರು ಸಾಲನ್ನೂ ಬಾಯಿಪಾಠ ಒಪ್ಪಿಸಿದೆ. ಮೇಷ್ಟ್ರು ತಾರೀಕನ್ನು ಎರಡು ಸಲ ಕೇಳಿದರು. ಗೋಡೆ ಕಡೆ ನೋಡುತ್ತಾ ಲೆಕ್ಕ ಹಾಕಿದರು. ಆಮೇಲೆ ಒಳಗೆ ತಿರುಗಿ, 'ಅಮ್ಮಾ, ನಾವು ತಿಪಟೂರಿನಲ್ಲಿ ಇದ್ದಿದ್ದು ಅದೇ ಭಾನುವಾರ ಅಲ್ವಾ, ಮಗುವಿನ ನಾಮಕರಣಕ್ಕೆ?' ಅಂದರು. ಹೌದು ಅಂದರು ಅವರಮ್ಮ. ಹಿಂದಿನ ದಿನವೇ ಹೋಗಿ ಸೋಮವಾರ ಬಂದಿದ್ದೆವಲ್ಲ ಅಂತ ನೆನಪಿಸಿಕೊಂಡರು. ಆಯಮ್ಮನಿಗೆ ನಾನು ಯಾರು ಅಂತ ಗೊತ್ತಾಗಲಿಲ್ಲ ಅಂತ ಕಾಣುತ್ತೆ, ಕಾಫಿ ತಂದು ಮುಂದಿಟ್ಟು, ಆರಿಹೋಗುತ್ತೆ ಕುಡಿಯಪ್ಪ ಅಂದರು.