ಸವೆದ ಶಾಸನವನ್ನು ಎಷ್ಟರಮಟ್ಟಿಗೆ ನಂಬಬಹುದು?

ಬನವಾಸಿಯಿಂದ ಆಳಿದ ಕದಂಬರ ಬಗ್ಗೆ ಬರೆಯಲು ಕೂತರೆ ಕೈಗೆ ಸಿಗುವ ಕಲ್ಲುಗಳು ಕಡಿಮೆ, ಅವುಗಳ ಮೇಲೆ ಹೇರಿರುವ ಕಥೆಗಳೇ ಜಾಸ್ತಿ. ಅರೆಬರೆ ಆಧಾರವನ್ನು ತೂಗಿ ನೋಡಲು ಕಲಿಯಬೇಕು ಅನ್ನುವವರು ಇಲ್ಲಿಂದಲೇ ಶುರು ಮಾಡಿ.

ಮೊದಲ ಪ್ರಶ್ನೆ: ನಿಮ್ಮ ಮುಂದಿರುವುದು ಕಲ್ಲೋ, ಯಾರೋ ಓದಿದ ಪಾಠವೋ? ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲೆ ಪ್ರಾಕೃತದ ಪುಟ್ಟ ಶಾಸನವೊಂದಿದೆ. ಕದಂಬರ ಮೊದಲ ರಾಜ ಮಯೂರಶರ್ಮ ಮತ್ತು ಒಂದು ಕೆರೆ, ಇಷ್ಟರಲ್ಲಿ ದೊಡ್ಡ ತಕರಾರಿಲ್ಲ. ಆದರೆ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅದರಲ್ಲಿ ಪಲ್ಲವ, ಆಭೀರ, ಪುನ್ನಾಟ, ಮೌಖರಿ ಅಂತ ಅವನು ಗೆದ್ದವರ ಉದ್ದ ಪಟ್ಟಿಯನ್ನೇ ಓದಿದರು. ಆಮೇಲೆ ಅದೇ ಶಾಸನವನ್ನು ಮತ್ತೆ ಓದಿದ ಜಿ.ಎಸ್. ಗಾಯಿ ಅವರಂಥ ಶಾಸನತಜ್ಞರು ಆ ಪಟ್ಟಿಯನ್ನು ಒಪ್ಪಲಿಲ್ಲ. ಪಟ್ಟಿ ಮಾತ್ರ ಇವತ್ತಿಗೂ ಒಂದು ಬರಹದಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇದೆ! ಹಾಗಾಗಿ ಅಚ್ಚಾದ ಪಾಠ ನೋಡುವಾಗ ಚೌಕ ಆವರಣದೊಳಗಿನ ಅಕ್ಷರಗಳಿಗೆ ಬೇರೆ ಬಣ್ಣ ಹಾಕಿಕೊಳ್ಳಿ. ಸಾಮಾನ್ಯವಾಗಿ ಅವು ಸವೆದ ಅಥವಾ ಸಂಪಾದಕರು ಊಹಿಸಿದ ಅಕ್ಷರಗಳು. ನಿಮ್ಮ ವಾದ ನಿಂತಿರುವುದು ಬರೀ ಅವುಗಳ ಮೇಲೇ ಆದರೆ ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿ) ನೋಡುವ ತನಕ ಮುಂದೆ ಹೋಗಬೇಡಿ.

ಎರಡನೆಯದು, ಶಾಸನವನ್ನು ಇಡಿಯಾಗಿ ನಂಬುವುದೂ ಬೇಡ, ಇಡಿಯಾಗಿ ತಳ್ಳಿಹಾಕುವುದೂ ಬೇಡ. ಒಂದೊಂದು ಮಾತನ್ನೂ ಬಿಡಿಸಿ ನೋಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಕವಿ ಕುಬ್ಜ ಬರೆದ ಸಂಸ್ಕೃತ ಕಾವ್ಯ, ಶಾಂತಿವರ್ಮನ ಕಾಲದ್ದು. ಶಾಂತಿವರ್ಮನ ಅಪ್ಪ ಕಾಕುಸ್ಥವರ್ಮ ಅನ್ನುವುದನ್ನು ಧಾರಾಳವಾಗಿ ನಂಬಬಹುದು, ಅದು ಕವಿಯ ಕಣ್ಣೆದುರಿನ ವಿಷಯ. ಆದರೆ ಕಾಕುಸ್ಥನ ಮುತ್ತಜ್ಜ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ ಕತ್ತಿ ಹಿಡಿದ ಅನ್ನುವುದು? ಅದು ಆ ಮನೆತನ ತನ್ನ ಬಗ್ಗೆ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ಸುಳ್ಳು ಅಂತಲ್ಲ, ತೂಕ ಕಡಿಮೆ ಅಷ್ಟೆ. ಇದೇ ಕಾವ್ಯದಲ್ಲಿ ಮಯೂರ ಕೊನೆಗೆ ಅದೇ ಪಲ್ಲವರ ಸೇವೆಗೆ ಸೇರಿದ ಮಾತೂ ಇದೆ. ಹೊಗಳಲೆಂದೇ ಕೂತ ಕವಿ ಇಂಥದ್ದನ್ನು ಸುಮ್ನೆ ಹುಟ್ಟಿಸಿಕೊಳ್ಳುವುದು ಕಷ್ಟ ಅಲ್ವಾ? ನಾನಂತೂ ಜಗಳದ ಕಥೆಗಿಂತ ಈ ಮಾತಿಗೆ ಜಾಸ್ತಿ ಬೆಲೆ ಕೊಡುತ್ತೇನೆ.

ಕಾಲದ ವಿಷಯ ಇನ್ನೂ ಜಾರು. 1936ರಲ್ಲಿ ಬೆಳಕಿಗೆ ಬಂದ ಹಲ್ಮಿಡಿ ಶಾಸನದಲ್ಲಿ ತೇದಿಯೇ ಇಲ್ಲ. ಕಾಕುಸ್ಥನ ಹೆಸರು ಮತ್ತು ಅಕ್ಷರಗಳ ರೂಪ ನೋಡಿ ಸುಮಾರು ಕ್ರಿ.ಶ. 450 ಅಂದರು, 500ರ ಹತ್ತಿರ ಅಂದವರೂ ಇದ್ದಾರೆ. ಆ ‘ಸುಮಾರು’ ಪಠ್ಯಪುಸ್ತಕಕ್ಕೆ ಬರುವಷ್ಟರಲ್ಲಿ ಎಷ್ಟೋ ಸಲ ಉದುರಿಹೋಗಿರುತ್ತದೆ, ದಯವಿಟ್ಟು ನೀವು ಅದನ್ನು ಉಳಿಸಿಕೊಳ್ಳಿ. ಇಲ್ಲೊಂದು ಬಲೆಯೂ ಇದೆ: ರಾಜನ ಕಾಲ ನೋಡಿ ಲಿಪಿಯ ಕಾಲ ಹೇಳಿ, ಆಮೇಲೆ ಅದೇ ಲಿಪಿ ತೋರಿಸಿ ರಾಜನ ಕಾಲ ಹೇಳಿದರೆ ಎರಡು ಸಾಕ್ಷಿ ಇದ್ದಂತೆ ಕಾಣುತ್ತದೆ, ಇರುವುದು ಒಂದೇ. ಹತ್ತು ಪುಸ್ತಕಗಳು ಒಂದೇ ಪಾಠವನ್ನು ನಕಲು ಮಾಡಿದ್ದರೂ ಅಷ್ಟೇ, ಎಣಿಕೆಗೆ ಒಂದೇ.

ಹಲ್ಮಿಡಿಯ ಬಗ್ಗೆ ಹೇಳುವ ‘ಕನ್ನಡದ ಮೊದಲ ಶಾಸನ’ ಅನ್ನುವ ಮಾತನ್ನು ‘ಸಿಕ್ಕಿರುವುದರಲ್ಲಿ ಮೊದಲನೆಯದು’ ಅಂತ ಓದಿಕೊಳ್ಳಿ. ತಾಳಗುಂದದಲ್ಲಿ 2013ರ ಸುಮಾರಿಗೆ ನಡೆದ ಉತ್ಖನನದಲ್ಲಿ ಮೆಟ್ಟಿಲ ಪಕ್ಕಕ್ಕೆ ಇಡುವಂಥ, ಸಿಂಹದ ಕೆತ್ತನೆಯ ಕೈಪಿಡಿಗಲ್ಲು ಸಿಕ್ಕಿತು, ಅದರ ಮೇಲೆ ಸಂಸ್ಕೃತ, ಕನ್ನಡ ಎರಡೂ ಇವೆ. ಅದು ಕ್ರಿ.ಶ. 370ರದ್ದು ಅಂತ ಸುದ್ದಿ ಬಂದದ್ದೇ ತಡ, ಹಲ್ಮಿಡಿಯ ಪಟ್ಟ ಹೋಯಿತು ಅಂತ ಬರೆದರು. ಆ ಕಲ್ಲಿಗೂ ಮೇಲಿನ ಪ್ರಶ್ನೆಗಳನ್ನೇ ಕೇಳಿ: ತೇದಿ ಕಲ್ಲಿನಲ್ಲೇ ಇದೆಯೋ, ಅಕ್ಷರ ನೋಡಿ ಹೇಳಿದ್ದೋ?

ಬರೆಯುವಾಗ ‘ಶಾಸನ ಹೇಳುತ್ತದೆ’, ‘ಸಂಪಾದಕರು ಹೀಗೆ ಓದಿದ್ದಾರೆ’, ‘ನನಗೆ ಹೀಗನ್ನಿಸುತ್ತದೆ’ ಈ ಮೂರನ್ನೂ ಒಂದೇ ವಾಕ್ಯಕ್ಕೆ ತುರುಕಬೇಡಿ. ನಾಳೆ ಇನ್ನೊಂದು ಕಲ್ಲು ಸಿಕ್ಕರೆ ನಿಮ್ಮ ಯಾವ ವಾಕ್ಯ ಮೊದಲು ಬೀಳುತ್ತದೆ ಅನ್ನುವುದನ್ನು ಕರಡಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಡಿ.