ಮಳೆ ಕಳೆದ ಮೇಲೆ ತರಕಾರಿ ಮಡಿ: ಮೊದಲು ಸುಣ್ಣ, ಕೊನೆಗೆ ದರಗು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯು ಮಣ್ಣಿನಲ್ಲಿರುವ ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ಇಲ್ಲಿನ ಕೆಂಪು ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿಯಾಗಿರುತ್ತದೆ. ಮಳೆ ಬಿಟ್ಟ ಮೇಲೆ ಹಿತ್ತಲಿನಲ್ಲಿ ಬದನೆ, ಟೊಮೆಟೊ, ಮೆಣಸಿನ ಸಸಿ ನೆಡುವವರು ಗೊಬ್ಬರಕ್ಕಿಂತ ಮುಂಚೆ ಸುಣ್ಣದ ಯೋಚನೆ ಮಾಡಬೇಕು.

ಒಂದು ಮುಷ್ಟಿ ಮಣ್ಣನ್ನು ಅಮುಕಿದಾಗ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದೊಡನೆ ಉದುರಿದರೆ ಅದು ಅಗೆಯುವ ಹದ. ಹಸಿಯಿರುವಾಗಲೇ ಗುದ್ದಲಿ ಹಾಕಿದರೆ ಹೆಂಟೆಗಳು ಒಣಗಿ ಇಟ್ಟಿಗೆಯಂತಾಗುತ್ತವೆ. ಒಂದು ಗೇಣು ಆಳಕ್ಕೆ ಅಗೆದು, ಮಣ್ಣು ಪರೀಕ್ಷೆಯ ವರದಿ ಇದ್ದರೆ ಅದರಂತೆ, ಇಲ್ಲದಿದ್ದರೆ ಚದರ ಮೀಟರಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣವನ್ನು (ಸುಣ್ಣಕಲ್ಲಿನ ಪುಡಿ) ಬೆರೆಸಿ, ಎರಡು ಮೂರು ವಾರ ಬಿಡಬೇಕು. ಸುಣ್ಣ ಮತ್ತು ಗೊಬ್ಬರವನ್ನು ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಆದ್ದರಿಂದ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಚದರ ಮೀಟರಿಗೆ ಎರಡೂವರೆ ಕಿಲೋದಂತೆ ನೆಡುವ ಕೆಲವು ದಿನ ಮೊದಲಷ್ಟೇ ಸೇರಿಸಿ, ಇಳಿಜಾರಿಗೆ ಅಡ್ಡಲಾಗಿ ಒಂದು ಮೀಟರ್ ಅಗಲದ ಏರುಮಡಿ ಮಾಡಿಕೊಳ್ಳಬೇಕು.

ನೆಡುವುದಕ್ಕೆ ಸಂಜೆಯ ಹೊತ್ತು ಒಳ್ಳೆಯದು. ಬೇರಿನ ಮಣ್ಣು ಉದುರದಂತೆ ಸಸಿಯನ್ನು ಕೂರಿಸಿ, ಬುಡ ಅದುಮಿ, ನೀರು ಕೊಡಬೇಕು.

ಹೊದಿಕೆಗೆ ಬೇಕಾದ್ದು ಮಲೆನಾಡಿನಲ್ಲಿ ಕಾಸಿಲ್ಲದೆ ಸಿಗುತ್ತದೆ. ಕಾಡುಮರಗಳ ದರಗು, ಅಂದರೆ ಉದುರಿದ ಒಣ ಎಲೆ, ಮತ್ತು ಭತ್ತದ ಹುಲ್ಲು ಎರಡೂ ಆದೀತು. ಗೊಬ್ಬರ ಗುಂಡಿಯಲ್ಲಿ ಬೇಗ ಕಳಿಯುವುದಿಲ್ಲವೆಂದು ಎಲ್ಲರೂ ದೂರುವ ಅಡಿಕೆ ಸಿಪ್ಪೆಯನ್ನೂ ಒಣಗಿಸಿ ಹಾಕಬಹುದು. ಬಹುಕಾಲ ಬಾಳುವುದು ಹೊದಿಕೆಗೆ ಗುಣವೇ ಹೊರತು ದೋಷವಲ್ಲ. ಬೀಜ ಕಟ್ಟಿದ ಕರಡದ ಹುಲ್ಲನ್ನು ಮಾತ್ರ ತರಬಾರದು, ಕಳೆಯನ್ನು ನಾವೇ ಬಿತ್ತಿದಂತಾಗುತ್ತದೆ. ಮಣ್ಣು ತೇವವಿರುವಾಗಲೇ ಮೂರು ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಸಸಿಯ ಕಾಂಡದ ಸುತ್ತ ಅಂಗೈ ಅಗಲ ತೆರವು ಬಿಡಬೇಕು. ಕಾಂಡಕ್ಕೆ ಒದ್ದೆ ಎಲೆ ತಾಗಿಕೊಂಡಿದ್ದರೆ ಬುಡ ಕೊಳೆಯುತ್ತದೆ. ಒಣ ದರಗನ್ನು ಮಣ್ಣಿನೊಳಗೆ ಕಲೆಸುವುದು ಸಲ್ಲದು. ಅದನ್ನು ಕಳಿಸುವ ಸೂಕ್ಷ್ಮಾಣುಗಳು ಸಾರಜನಕವನ್ನು ತಾವೇ ಹೀರಿಕೊಳ್ಳುವುದರಿಂದ ಸಸಿಗಳು ಹಳದಿಗಟ್ಟುತ್ತವೆ.

ವಾರಕ್ಕೊಮ್ಮೆ ಹೊದಿಕೆಯನ್ನು ಎತ್ತಿ ನೋಡಬೇಕು. ಅಕಾಲದ ಮಳೆ ಬಂದಾಗ ಅದರಡಿ ಬಸವನಹುಳುಗಳು ಸೇರಿಕೊಳ್ಳುತ್ತವೆ, ಬೇಸಿಗೆಯಲ್ಲಿ ಒರಲೆ ಹತ್ತುತ್ತದೆ. ಹುಳುಗಳನ್ನು ಸಂಜೆ ಹೆಕ್ಕಿ ತೆಗೆಯಬಹುದು. ಒರಲೆ ಕಂಡಲ್ಲಿ ಅಷ್ಟು ಭಾಗದ ದರಗನ್ನು ತೆಗೆದು ಬೇರೆ ಹಾಕಿದರೆ ಸಾಕು.